ಬೇರೆಯವರು ಬಿಟ್ಟುಹೋದ ಓಟಗಾರರು

ಕೆಳತುಟಿಗೆ ಅಂಟಿದ ಸೂರ್ಯಕಾಂತಿ ಬೀಜದ ಸಿಪ್ಪೆ, ಉಪ್ಪುಪ್ಪು, ನಾಲಿಗೆಗೆ ಸಿಗುತ್ತದೆ, ಬೆರಳಿಗೆ ಸಿಗುವುದಿಲ್ಲ, ಲೈಲ್ ನೊವೊಟ್ನಿ ಬಲಗೈಯ ತೋರುಬೆರಳನ್ನು ತುಟಿಯ ಮೇಲೆ ಎರಡು ಸಲ ಎಳೆದ, ಸಿಪ್ಪೆ ಹೋಯಿತೋ ಇದೆಯೋ ತಿಳಿಯಲಿಲ್ಲ, ಕೊನೆಗೆ ಎಡಗೈಯಿಂದಲೇ ತೆಗೆದ, ಪಕ್ಕದಲ್ಲಿ ಕೂತ ಯೋಸ್ಟ್ ನೋಡಿಬಿಟ್ಟನೇನೋ, ಇಲ್ಲ, ಯೋಸ್ಟ್ ಬಬಲ್ ಗಮ್ ಊದುತ್ತ ಗ್ಯಾಲರಿಯ ಹುಡುಗಿಯರನ್ನು ನೋಡುತ್ತಿದ್ದಾನೆ, ಇಪ್ಪತ್ತೆರಡು ವರ್ಷ ಅವನಿಗೆ, ತೋಳಿನಲ್ಲಿ ಸಿಡಿಲಿದೆ, ಚೆಂಡು ಎಲ್ಲಿ ಹೋಗುತ್ತದೆ ಎಂಬುದು ಮಾತ್ರ ಅವನಿಗೂ ಗೊತ್ತಿರುವುದಿಲ್ಲ — ನದಿಯ ಕಡೆಯಿಂದ ಗಾಳಿ ತಿರುಗಿತು, ಜೋಳದ ಕಾರ್ಖಾನೆಯ ಹುಳಿವಾಸನೆ, ಸೆಪ್ಟೆಂಬರ್ ಭಾನುವಾರದ ಬಿಸಿಲು, ಈ ವರ್ಷದ ಕಡೇ ಬೇಸ್‌ಬಾಲ್ ಆಟ, ನಾಳೆ ಎಲ್ಲರೂ ಚೀಲ ಕಟ್ಟಿ ಅವರವರ ಊರಿಗೆ, ನೆಬ್ರಾಸ್ಕದ ತನ್ನ ಊರಿಗೆ ಆರು ಗಂಟೆಯ ದಾರಿ, ಸ್ಟಿಯರಿಂಗನ್ನು ಎಡಗೈಯಲ್ಲೇ ಹಿಡಿದರಾಯಿತು. ಜೂನ್‌ನಲ್ಲಿ ಶುರುವಾದದ್ದು ಇದು, ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಬರಲಿಲ್ಲ, ಮಲಗಿದಾಗ ಕೈ ಅಡಿಗೆ ಸಿಕ್ಕಿರಬೇಕು, ಜೋಮು, ಬಿಡುತ್ತದೆ ಎಂದುಕೊಂಡ, ಆ ವಾರವೇ ಕಾಫಿ ಚೆಲ್ಲಿತು, ಬಿಸಿಬಿಸಿ ಕಾಫಿ ತೋರುಬೆರಳು ನಡುಬೆರಳುಗಳ ಮೇಲೆ ಹರಿದು ಚರ್ಮ ಕೆಂಪಾಗುವುದನ್ನು ಅವನು ಬೇರೆ ಯಾರದೋ ಕೈ ನೋಡಿದಂತೆ ನೋಡಿದ, ಫೋನಿನಲ್ಲಿ ಮಾರ್ಲಿಸ್‌ಗೆ ಹೇಳಿದ, ಹೆಂಡತಿಗೆ ಹೇಳದೆ ಇನ್ನಾರಿಗೆ ಹೇಳಲಿ, ಅವಳು ತಟ್ಟನೆ ಕೇಳಿದಳು, ಡಾಯಲ್‌ಗೆ ಹೇಳಿದ್ಯಾ, ಹೇಳ್ದೆ ಕಣೆ, ಏನಂದ್ರು, ರೆಸ್ಟ್ ತಗೋ ಅಂದ್ರು — ಸುಳ್ಳು, ಮ್ಯಾನೇಜರ್ ಡಾಯಲ್‌ಗೆ ಹೇಳಿದ್ದರೆ ಆ ಸಂಜೆಯೇ ತನ್ನ ಪೆಟ್ಟಿಗೆ ಖಾಲಿ ಮಾಡಿಸುತ್ತಿದ್ದರು, ಮೂವತ್ತೆಂಟು ವರ್ಷದವನ ಸತ್ತ ಬೆರಳಿಗೆ ಯಾರು ಕಾಯುತ್ತಾರೆ.

ಹತ್ತೊಂಬತ್ತು ವರ್ಷ, ಎಸೆದದ್ದಕ್ಕಿಂತ ಕೂತದ್ದೇ ಹೆಚ್ಚು, ಬೇಲಿಯ ಪಕ್ಕದ ಇಂಥ ಬೆಂಚುಗಳ ಮೇಲೆ, ಎಷ್ಟು ಊರು, ಎಷ್ಟು ಬೆಂಚು, ಒಂದರಲ್ಲಿ ಮೊಳೆ ಎದ್ದಿತ್ತು, ಒಂದರ ಕೆಳಗೆ ಬೆಕ್ಕು ಮರಿ ಹಾಕಿತ್ತು, ಅಮ್ಮ ಒಮ್ಮೆ ಆಟ ನೋಡಲು ಬಂದು ಮೂರು ಗಂಟೆ ಕಾದು, ಅವನಿಗೆ ಕರೆಯೇ ಬರದೆ, ಕೊನೆಗೆ ಕಾರಿನ ಬಳಿ ಕೇಳಿದ್ದಳು, ಅಲ್ವೋ ಲೈಲ್, ನಿಂಗೆ ಸಂಬಳ ಕೊಡೋದು ಕೂತ್ಕೊಳ್ಳೋಕಾ, ಅಪ್ಪ ನಕ್ಕ, ಹತ್ತೂರಿನ ಧಾನ್ಯ ತುಂಬುವ ಗೋಪುರದಲ್ಲಿ ದುಡಿದು ದೂಳು ಕುಡಿದ ಅಪ್ಪ, ಕೂತ್ಕೊಳ್ಳೋ ಕೆಲಸ ಸಿಕ್ಕಿದ್ರೆ ನಾನೂ ಸೇರ್ಕೊಳ್ತಿದ್ದೆ ಕಣೇ ಎಂದ. ಅವರಿಗೆ ಹೇಗೆ ಹೇಳುವುದು, ಆಟ ಶುರು ಮಾಡುವವನು ಬೇರೆ, ಅವನು ಸುಸ್ತಾದಾಗ, ಎಲ್ಲ ಕೆಟ್ಟಾಗ, ಇವನಿಗೆ ಕರೆ, ಇನ್ನೊಬ್ಬ ಹೊತ್ತಿಸಿಟ್ಟ ಬೆಂಕಿಗೆ ನೀರು ಹೊಯ್ಯುವ ಕೆಲಸ, ಆರಿದರೆ ಯಾರೂ ನೆನೆಸಿಕೊಳ್ಳುವುದಿಲ್ಲ, ಆರದಿದ್ದರೆ — ಆರದಿದ್ದರೂ ವಿಚಿತ್ರ ನೋಡಿ, ಬೇಸ್‌ಗಳ ಮೇಲೆ ಹಿಂದಿನ ಎಸೆತಗಾರ ಬಿಟ್ಟುಹೋದ ಎದುರಾಳಿ ಓಟಗಾರರು ಸುತ್ತು ಮುಗಿಸಿ ಹೋಮ್ ಪ್ಲೇಟೆಂಬ ಮನೆ ಸೇರಿದರೆ ಆ ರನ್ನು ಹಿಂದಿನವನ ಹೆಸರಿಗೇ ಬರೆಯುತ್ತಾರೆ, ಇವನ ಹೆಸರು ಬೆಳ್ಳಗೆ ಉಳಿಯುತ್ತದೆ, ಇದೇ ನಿಯಮ, ಈ ನಿಯಮವೇ ಓರಿನ್ ಸ್ಟಾಲ್‌ನ ಅನ್ನ ಕಿತ್ತದ್ದು, ಹದಿನೈದು ವರ್ಷದ ಹಿಂದೆ, ಲೈಲ್ ದೊಡ್ಡ ಲೀಗ್‌ನಲ್ಲಿದ್ದ ಹನ್ನೊಂದು ದಿನಗಳಲ್ಲಿ ಮೊದಲ ದಿನ, ನಲವತ್ತು ಸಾವಿರ ಜನ, ಹುಲ್ಲು ಬಣ್ಣ ಬಳಿದಷ್ಟು ಹಸಿರು, ಓರಿನ್ ಮೂರೂ ಬೇಸ್ ತುಂಬಿಸಿ ಎಸೆತಗಾರನ ದಿಬ್ಬ ಇಳಿದ, ಲೈಲ್ ಹತ್ತಿದ, ಎರಡನೇ ಎಸೆತಕ್ಕೇ ಹೊಡೆತ ಬಿತ್ತು, ಚೆಂಡು ಗೆರೆಯ ಮೇಲೆ ಉರುಳಿಕೊಂಡು ಮೂಲೆಗೆ ಹೋಯಿತು, ಮೂವರೂ ಓಡಿ ಬಂದರು, ಮೂರೂ ಓರಿನ್‌ನ ಹೆಸರಿಗೆ, ಮಾರನೇ ದಿನ ಪತ್ರಿಕೆಯಲ್ಲಿ ನೊವೊಟ್ನಿ ಎದುರು ಸೊನ್ನೆ, ಚೆಂದದ ದುಂಡು ಸೊನ್ನೆ, ಮಾರ್ಲಿಸ್ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು, ಓರಿನ್‌ನನ್ನು ಬೆಳಿಗ್ಗೆಯೇ ತೆಗೆದುಹಾಕಿದ್ದರು, ಮೂವತ್ತಾರು ವರ್ಷ ಅವನಿಗೆ, ಎರಡು ಚೀಲ ಹೊತ್ತು ಓಣಿಯಲ್ಲಿ ಎದುರು ಬಂದವನು ನಿಂತ, ಬಯ್ಯುತ್ತಾನೆ ಎಂದುಕೊಂಡರೆ, ಚೆನ್ನಾಗೇ ಹಾಕ್ದೆ ಕಣೋ, ಬಾಲ್ ಕೆಳಗೇ ಇತ್ತು, ಹೊಡೆದವನ ಅದೃಷ್ಟ ಅಷ್ಟೆ ಎಂದು ಭುಜ ತಟ್ಟಿ ಹೋದ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಬೈಗುಳವಾದರೆ ತೊಳೆದುಹೋಗುತ್ತದೆ.

ಗೋಡೆಯ ಫೋನ್ ಹೊಡೆದುಕೊಂಡಿತು, ಯೋಸ್ಟ್ ಎತ್ತಿದ, ಹ್ಞೂ, ಹ್ಞೂ, ಇಬ್ಬರೂನಾ, ಸರಿ — ಏಳು ತಾತ, ಇಬ್ರೂ ಕೈ ಬಿಸಿ ಮಾಡ್ಕೋಬೇಕಂತೆ, ಮೊದ್ಲು ನೀನಂತೆ, ಮಂಡಿಗೆ ಎಣ್ಣೆ ಬಿಡ್ಲಾ. ಲೈಲ್ ಎದ್ದ, ಎಂಟನೇ ಇನ್ನಿಂಗ್ಸ್, ಎರಡಕ್ಕೆ ಒಂದು, ನಮ್ಮದು ಒಂದು ಹೆಚ್ಚು, ದಿಬ್ಬದ ಮೇಲೆ ತಾದೇವೊ, ಡೊಮಿನಿಕನ್ ದೇಶದಿಂದ ಬಂದ ಕಡ್ಡಿ ಮೈಯ ಎಸೆತಗಾರ, ಏಳು ಇನ್ನಿಂಗ್ಸ್ ರಾಜನ ಹಾಗೆ ಎಸೆದವನು ಈಗ ತಡವರಿಸುತ್ತಿದ್ದಾನೆ, ಒಬ್ಬ ಹೊಡೆದ, ಎಸೆತ ಆಚೀಚೆ ಹೋಗಿ ಒಬ್ಬನಿಗೆ ಪುಕ್ಕಟೆ ಬೇಸ್, ಇನ್ನೊಬ್ಬನಿಗೂ ಪುಕ್ಕಟೆ, ಮೂರೂ ತುಂಬಿತು, ಒಬ್ಬನೂ ಔಟಿಲ್ಲ, ಕಾರಣ ಎಲ್ಲರಿಗೂ ಗೊತ್ತು, ಕ್ಯಾಚರ್‌ನ ಹಿಂದಿನ ಮೂರನೇ ಸಾಲಿನಲ್ಲಿ ಹುಲ್ಲಿನ ಟೋಪಿ ಇಟ್ಟುಕೊಂಡು ಕೂತವನು ದೊಡ್ಡ ಲೀಗ್‌ನ ಕ್ಲಬ್ಬಿನ ಮನುಷ್ಯ, ನಾಳೆ ಒಬ್ಬನನ್ನು ಮೇಲಕ್ಕೆ ಕರೆದೊಯ್ಯುತ್ತಾನಂತೆ, ಒಬ್ಬನನ್ನೇ, ತಾದೇವೊ ಅಥವಾ ಪಕ್ಕದ ರಾಜ್ಯದ ಇನ್ನಾರೋ, ಇವತ್ತಿನ ಆಟ ನೋಡಿ ಹೇಳುತ್ತಾನಂತೆ, ನಿನ್ನೆ ಊಟದ ಮೇಜಿನಲ್ಲಿ ತಾದೇವೊ ಅನ್ನ ಹುರುಳಿ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ, ವಿಯೆಹೊ, ದೊಡ್ಡ ಮೈದಾನ ಹೇಗಿರತ್ತೆ ಹೇಳು ಎಂದ, ಅವನು ಲೈಲ್‌ನನ್ನು ಕರೆಯುವುದೇ ಹಾಗೆ, ಅವರ ಮಾತಿನಲ್ಲಿ ಮುದುಕಪ್ಪ ಎಂದು, ಹುಲ್ಲು ಹಸಿರಾಗಿರತ್ತೆ ಎಂದ ಲೈಲ್, ಅಷ್ಟೇನಾ, ಅಷ್ಟೇ ಕಣೋ, ನಂಗೆ ಅದಕ್ಕಿಂತ ಹೆಚ್ಚು ನೋಡೋಕೆ ಟೈಮ್ ಕೊಡ್ಲಿಲ್ಲ. ಈಗಲೇ ಹೇಳಿಬಿಡಬೇಕು, ಫೋನ್ ಎತ್ತಿ, ನನ್ನ ಕೈಲಾಗಲ್ಲ ಡಾಯಲ್, ಯೋಸ್ಟ್‌ನ ಕಳಿಸಿ, ನಾಲ್ಕು ಮಾತು, ಆದರೆ ಕಡೇ ಆಟ, ಒಂದೇ ಒಂದು ಸಲ, ದಿಬ್ಬದ ಮಣ್ಣು ಕಾಲಿಗೆ ತಾಗಿದರೆ ಬೆರಳಿಗೆ ಜೀವ ಬಂದರೂ ಬರಬಹುದು, ಬಂದದ್ದೂ ಉಂಟು, ಜುಲೈನಲ್ಲಿ ಎರಡು ಸಲ ಬಂತು, ಆಗಸ್ಟ್‌ನಲ್ಲಿ ಒಂದು ಸಲ — ಡಾಯಲ್ ದಿಬ್ಬದ ಬಳಿಯಿಂದ ಬಲಗೈ ಎತ್ತಿ ಕರೆದರು, ಲೈಲ್ ಬೇಲಿಯ ಬಾಗಿಲು ತಳ್ಳಿ ನಡೆದ, ಓಡುವುದಿಲ್ಲ ಅವನು, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಓಡಿಲ್ಲ, ಬೆಂಕಿಯ ಕಡೆ ನಡೆದೇ ಹೋಗಬೇಕು.

ತಾದೇವೊ ಚೆಂಡನ್ನು ಅವನ ಗ್ಲೌಸಿಗೆ ಹಾಕಿದ, ಕಣ್ಣೆತ್ತಲಿಲ್ಲ, ಸಾರಿ ವಿಯೆಹೊ, ಮೂರು ಜನರನ್ನ ಬಿಟ್ಟು ಹೋಗ್ತಿದೀನಿ, ಹೋಗು ನೀರು ಕುಡಿ ಎಂದ ಲೈಲ್, ಡಾಯಲ್ ಹೊಗೆಸೊಪ್ಪು ಜಗಿಯುತ್ತ, ಡಬಲ್ ಬೇಕಯ್ಯಾ, ಒಂದೇ ಹೊಡೆತಕ್ಕೆ ಇಬ್ರು ಔಟ್, ನೆಲಕ್ಕೇ ಹೊಡಿಯೋ ಹಾಗೆ ಹಾಕು ಎಂದು ಹೊರಟುಹೋದರು, ಕ್ಯಾಚರ್ ಕಿಪ್ ಮುಖವಾಡ ಎತ್ತಿ ಒಂದು ಕ್ಷಣ ನಿಂತ, ಏನೋ ಲೈಲ್, ಈಚೀಚೆಗೆ ನಿನ್ನ ಬಾಲ್ ತಿರುಗ್ತಾನೇ ಇಲ್ಲ, ಚೆನ್ನಾಗಿದೀಯ ತಾನೆ, ಚೆನ್ನಾಗಿದೀನಿ. ದಪ್ಪ ಮೀಸೆಯ ಬ್ಯಾಟುಗಾರ, ಮೊದಲ ಎಸೆತ ಕೈಯಿಂದ ಯಾವಾಗ ಬಿಟ್ಟಿತೋ ತಿಳಿಯಲಿಲ್ಲ, ಹೋಮ್ ಪ್ಲೇಟಿನ ಮುಂದೆ ಮಣ್ಣಿಗೆ ಬಿದ್ದು ಎಗರಿತು, ಕಿಪ್ ಎದೆಯೊಡ್ಡಿ ತಡೆದ, ಇಲ್ಲದಿದ್ದರೆ ಒಬ್ಬ ಮನೆಗೆ, ತಾದೇವೊನ ಹೆಸರಿಗೆ, ಎರಡನೆಯದನ್ನು ಕಣ್ಣಿನಿಂದಲೇ ಹಿಡಿದ, ಹೆಬ್ಬೆರಳು ಎಲ್ಲಿದೆ, ಕೆಂಪು ಹೊಲಿಗೆ ಎಲ್ಲಿದೆ, ನೋಡಿ ಜೋಡಿಸಿ ಮೆಲ್ಲಗೆ ತೇಲಿಬಿಟ್ಟ, ಇಷ್ಟು ನಿಧಾನದ್ದನ್ನು ನಿರೀಕ್ಷಿಸದ ಮೀಸೆಯವನು ಸುಮ್ಮನೆ ನಿಂತ, ಸ್ಟ್ರೈಕ್, ಮೂರನೆಯದಕ್ಕೆ ಬೀಸಿದ, ಚೆಂಡು ಹುಲ್ಲನ್ನು ಹೆರೆದುಕೊಂಡು ನೇರ ಲೈಲ್‌ನ ಕಡೆಗೇ, ಎಡಗೈ ಗ್ಲೌಸಿಗೆ ಟಪ್ಪೆಂದು ಬಿತ್ತು, ಆ ಕೈಗೆ ಎಲ್ಲ ತಿಳಿಯುತ್ತದೆ, ಬಲಗೈಗೆ ತೆಗೆದು ಕಿಪ್‌ಗೆ ಎಸೆದ, ಎತ್ತರ, ಅಯ್ಯೋ ತೀರಾ ಎತ್ತರ, ಕಿಪ್ ತುದಿಗಾಲಲ್ಲಿ ನಿಂತು ಹಿಡಿದ, ಮನೆಗೆ ಓಡಿಬರುತ್ತಿದ್ದ ಒಬ್ಬ ಔಟ್, ಹಿಡಿದವನೇ ಮೊದಲ ಬೇಸಿಗೆ ಕಳಿಸಿದ, ಹೊಡೆದವನೂ ಸೇರಿ ಇಬ್ಬರು ಔಟ್, ಜನ ಎದ್ದು ನಿಂತರು, ಮರದ ಹಲಗೆಗಳ ಮೇಲೆ ಎರಡು ಸಾವಿರ ಜನರ ಕಾಲು ದಡದಡ, ಇದು, ಇದಕ್ಕಾಗಿಯೇ, ಎಲ್ಲ ಬೆಂಚೂ ಎಲ್ಲ ಬಸ್ಸೂ ಇದಕ್ಕಾಗಿಯೇ, ಇನ್ನೊಬ್ಬ ಬಾಕಿ, ಎರಡು ಮೂರನೇ ಬೇಸ್‌ಗಳಲ್ಲಿ ತಾದೇವೊನ ಇಬ್ಬರು ಓಟಗಾರರು ಕುಣಿಯುತ್ತಿದ್ದಾರೆ, ಒಂದು ಹೊಡೆತಕ್ಕೆ ಇಬ್ಬರೂ ಬರುತ್ತಾರೆ, ಕಿಪ್ ಹಲ್ಲು ಕಿರಿಯುತ್ತ ದಿಬ್ಬದವರೆಗೆ ಬಂದು ತನಗೆ ಮರಳಿ ಬಂದ ಚೆಂಡನ್ನು ಅವನ ಬಲಗೈಯಲ್ಲೇ ಇಟ್ಟು ಹೋದ. ಲೈಲ್ ನೋಡಿದ. ಕೈಯಲ್ಲಿ ಚೆಂಡು, ಬಿಳಿ, ಹೊಲಿಗೆಯ ಪಕ್ಕ ಹುಲ್ಲು ಉಜ್ಜಿದ ಒಂದು ಹಸಿರು ಗೆರೆ, ಬೆರಳುಗಳು ಅದನ್ನು ಸುತ್ತಿವೆ, ಆದರೆ ಅಲ್ಲಿ ಏನೂ ಇಲ್ಲ, ತೂಕವಿಲ್ಲ, ದುಂಡಗಿಲ್ಲ, ಈಗ ಮೂರನೇ ಬೆರಳೂ ಹೋಗಿದೆ, ಅಂಗೈಯೂ, ನೋಡುತ್ತಿದ್ದಂತೆಯೇ ಚೆಂಡು ಜಾರಿ ಬೂಟಿನ ಪಕ್ಕ ಬಿತ್ತು, ಗ್ಯಾಲರಿಯಲ್ಲಿ ಯಾರೋ ನಕ್ಕರು, ಬೆಣ್ಣೆ ಕೈ ಎಂದು ಕೂಗಿದರು, ಕಾಲು ಇನ್ನೂ ದಿಬ್ಬದ ಹಲಗೆಯ ಮೇಲೆ ಇರಲಿಲ್ಲವಾದ್ದರಿಂದ ಸರಿಹೋಯಿತು, ಹಲಗೆ ಮೆಟ್ಟಿದ ಮೇಲೆ ಬಿದ್ದಿದ್ದರೆ ತಪ್ಪು, ಓಟಗಾರರೆಲ್ಲ ಒಂದೊಂದು ಬೇಸ್ ಮುಂದಕ್ಕೆ, ಮೂರನೇ ಬೇಸಿನವನು ಕೈ ಬೀಸಿಕೊಂಡು ಮನೆಗೆ.

ಬಗ್ಗಿ ಹೆಕ್ಕಿದ, ಎಡಗೈಯಲ್ಲಿ, ಯಾರಿಗೂ ತಿಳಿಯುವುದಿಲ್ಲ, ಎಸೆದುಬಿಡು, ಔಟಾದರೆ ಆಯಿತು, ಆಗದಿದ್ದರೂ ರನ್ನು ತಾದೇವೊನದು, ನಿನ್ನ ಹೆಸರಿಗೆ ಸೊನ್ನೆ, ದುಂಡು ಸೊನ್ನೆ, ಮುಂದಿನ ವಸಂತಕ್ಕೆ ಮತ್ತೆ ಇನ್ನೊಂದು ಬೆಂಚು ಸಿಗಬಹುದು, ಮಾರ್ಲಿಸ್ ಪ್ರತಿ ಮಾರ್ಚಿನಲ್ಲೂ ಚೀಲಕ್ಕೆ ಕಾಲುಚೀಲ ತುಂಬುತ್ತ ಏನನ್ನೂ ಕೇಳದೆ ಕಳಿಸುವಳಲ್ಲ, ಒಂದು ಎಸೆತ, ಕಣ್ಣು ಮುಚ್ಚಿ ಒಂದೇ ಎಸೆತ — ತಾದೇವೊ ತಂಡದವರು ಕೂರುವ ಡಗೌಟಿನ ಮೆಟ್ಟಿಲ ಮೇಲೆ ತಲೆಗೆ ಟವೆಲ್ ಹೊದ್ದು ಕೂತಿದ್ದಾನೆ, ನೋಡುತ್ತಿಲ್ಲ, ನೋಡುವ ಧೈರ್ಯವಿಲ್ಲ, ನೆಲವನ್ನೇ ನೋಡುತ್ತ ಸದ್ದಿಗೆ ಕಿವಿ ಕೊಟ್ಟಿದ್ದಾನೆ, ಓರಿನ್ ಕೂಡ ಹೀಗೇ ಕೂತಿದ್ದನೇ, ಗೊತ್ತಿಲ್ಲ, ಆ ದಿನ ಲೈಲ್ ಆ ಕಡೆ ನೋಡಿರಲೇ ಇಲ್ಲ, ನಲವತ್ತು ಸಾವಿರ ಜನರಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ನೋಡಿದ್ದ. ಲೈಲ್ ಕೈ ಎತ್ತಿ ಡಾಯಲ್‌ರನ್ನು ಕರೆದ. ಡಾಯಲ್ ಬರುವ ದಾರಿ ಎಷ್ಟು ಉದ್ದ, ಏನಾಯ್ತಯ್ಯಾ, ಬೆರಳಿಲ್ಲ ಡಾಯಲ್, ಏನಂದೆ, ಬೆರಳು ಇಲ್ಲ, ಬಾಲ್ ಹಿಡಿದಿದೀನೋ ಇಲ್ವೋ ಗೊತ್ತಾಗ್ತಿಲ್ಲ, ಎಷ್ಟು ಹೊತ್ತಿಂದ, ಜೂನ್‌ನಿಂದ. ಡಾಯಲ್ ಜಗಿಯುವುದನ್ನು ನಿಲ್ಲಿಸಿದರು, ಕತ್ತೆ, ಕತ್ತೆ ಕಣಯ್ಯ ನೀನು, ಯಾರದಾದ್ರೂ ಮುಖಕ್ಕೆ ಬಿದ್ದಿದ್ರೆ, ಹೌದು ಎಂದ ಲೈಲ್, ಅದನ್ನೂ ಯೋಚಿಸಿದ್ದ, ಯೋಚಿಸಿ ಬದಿಗಿಟ್ಟಿದ್ದ, ಡಾಯಲ್ ದನಿ ಇಳಿಸಿ, ಇದನ್ನ ಬರೆದು ಕಳಿಸ್ಬೇಕಾಗತ್ತೆ, ಮುಂದಿನ ವರ್ಷ ಯಾರೂ ಕರೆಯಲ್ಲ, ಗೊತ್ತು ತಾನೆ, ಗೊತ್ತು. ಯೋಸ್ಟ್ ಓಡುತ್ತ ಬಂದ, ಗಮ್ ಉಗುಳಿದ್ದ, ಲೈಲ್ ಚೆಂಡು ಕೊಟ್ಟ, ಈ ಬ್ಯಾಟುಗಾರ ಮೇಲೆ ಬಂದಿದ್ದಕ್ಕೆಲ್ಲ ಬೀಸ್ತಾನೆ, ಎತ್ತರಕ್ಕೇ ಹಾಕು, ಜೋರಾಗಿ, ಕಿಪ್‌ನ ಮುಖವಾಡ ಬಿಟ್ಟು ಬೇರೇನೂ ನೋಡ್ಬೇಡ, ಯೋಸ್ಟ್ ತಾತ ಎನ್ನಲಿಲ್ಲ, ಆಗಲಿ ಲೈಲ್ ಎಂದ, ಮೊದಲ ಸಲ ಹೆಸರು ಹಿಡಿದು.

ಡಗೌಟಿನ ಮೆಟ್ಟಿಲ ಮೇಲೆ ತಾದೇವೊನ ಪಕ್ಕ ಕೂತ, ಚಪ್ಪಾಳೆ ಅಲ್ಲೊಂದು ಇಲ್ಲೊಂದು, ಜನಕ್ಕೆ ಅರ್ಥವಾಗಲಿಲ್ಲ, ಯಾಕೆ ಬಂದೆ ವಿಯೆಹೊ, ನೋಡು ಎಂದ ಲೈಲ್, ಟವೆಲ್ ತೆಗೆದು ನೋಡು, ಯೋಸ್ಟ್‌ನ ಮೊದಲನೆಯದು ಗ್ಯಾಲರಿಯವರೆಲ್ಲ ತಲೆ ತಗ್ಗಿಸುವಷ್ಟು ಮೇಲೆ, ಕಿಪ್ ಹಾರಿ ಹಿಡಿದ, ತಾದೇವೊ ಅವರ ಭಾಷೆಯಲ್ಲಿ ದೇವರನ್ನೋ ತಾಯಿಯನ್ನೋ ಕರೆದ, ಎರಡನೆಯದು ಸ್ಟ್ರೈಕ್, ಮೂರನೆಯದಕ್ಕೆ ಬ್ಯಾಟು ತಾಗಿತು, ಚೆಂಡು ಮೇಲೆ, ಮೇಲೆ, ನದಿಯ ಗಾಳಿ ಅದನ್ನು ಹಿಡಿದು ನಿಲ್ಲಿಸಿತು, ಮೈದಾನದ ನಡುವಿನವನು ಎರಡು ಹೆಜ್ಜೆ ಹಿಂದೆ ಸರಿದು ಗ್ಲೌಸ್ ಎತ್ತಿದ, ಹಿಡಿದ. ಕಡೆಯ ಒಂಬತ್ತನೇ ಇನ್ನಿಂಗ್ಸನ್ನೂ ಯೋಸ್ಟೇ ಮುಗಿಸಿದ, ಎರಡಕ್ಕೆ ಒಂದು, ಗೆಲುವು, ಹುಲ್ಲಿನ ಟೋಪಿಯವನು ಇಳಿದು ಬಂದು ಡಾಯಲ್ ಜೊತೆ ಮಾತಾಡಿ ಹೋದ, ಆಮೇಲೆ ಒಳಗೆ ಕೂಗು, ಬಿಯರ್ ನೊರೆ, ಯಾರೋ ತಾದೇವೊನನ್ನು ಹೆಗಲಿಗೆ ಎತ್ತಿದರು, ಅವನು ಇಳಿದು ಬಂದು ಲೈಲ್‌ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದ, ಅಳುತ್ತಿದ್ದ, ನಾಳೆ ಬೆಳಿಗ್ಗೆ ವಿಮಾನ ವಿಯೆಹೊ, ನಾಳೆ ಬೆಳಿಗ್ಗೆ, ಲೈಲ್ ತನ್ನ ಕೈ ಹಿಡಿಸಿಕೊಳ್ಳುವುದನ್ನು ನೋಡುತ್ತಿದ್ದ, ಗಟ್ಟಿಯಾಗಿಯೇ ಹಿಡಿದಿರಬೇಕು ಪಾಪ, ಹುಲ್ಲು ಚೆನ್ನಾಗಿ ನೋಡ್ಕೊಂಡು ಬಾ ಎಂದ. ಓಣಿಯ ಫೋನಿಗೆ ಎಡಗೈಯಿಂದ ನಂಬರ್ ತಿರುಗಿಸಿದ, ಮಾರ್ಲಿಸ್, ಡಾಯಲ್‌ಗೆ ಹೇಳ್ದೆ, ಏನನ್ನ, ಕೈ ವಿಷಯ, ಇವತ್ತು ಹೇಳ್ದೆ, ಜೂನ್‌ನಲ್ಲಿ ಹೇಳಿರ್ಲಿಲ್ಲ, ಆ ಕಡೆ ನಲ್ಲಿ ನೀರು ನಿಂತ ಸದ್ದು, ಗೊತ್ತಿತ್ತು ಬಿಡು ಎಂದಳು, ನೀನು ಸುಳ್ಳು ಹೇಳೋವಾಗ ತುಂಬಾ ಬೇಗ ಉತ್ತರ ಕೊಡ್ತೀಯ, ನಾಳೆ ಊಟಕ್ಕೆ ಬರ್ತೀಯ ತಾನೆ, ಬರ್ತೀನಿ, ನಿಧಾನಕ್ಕೆ ಓಡಿಸ್ಕೊಂಡು ಬಾ, ನಾನು ಕಾಯ್ತೀನಿ, ನಂಗೇನು ಕಾದು ಗೊತ್ತಿಲ್ವಾ. ಬೆಂಚಿನ ಮೇಲೆ ಕೂತು ಬೂಟಿನ ದಾರಕ್ಕೆ ಬಗ್ಗಿದ, ಎಡಗೈ ಒಂದು ತುದಿ, ಬಲಗೈ ಇನ್ನೊಂದು, ಎಳೆಯಬೇಕು, ವೈದ್ಯರು ಏನನ್ನುತ್ತಾರೋ, ಅಪ್ಪನ ಗೋಪುರದಲ್ಲಿ ಕೆಲಸ ಇದ್ದೀತು, ಸನಿಕೆ ಹಿಡಿಯಬೇಕಲ್ಲ, ಆಮೇಲೆ, ಅದೆಲ್ಲ ಆಮೇಲೆ, ಈಗ ದಾರ, ಈಗ — ಮತ್ತೆ ಅದೇ ದಿಬ್ಬ, ಕೈಯಲ್ಲಿ ಚೆಂಡು, ಬಿಳಿ, ಹೊಲಿಗೆಯ ಪಕ್ಕ ಹಸಿರು ಗೆರೆ, ಬೆರಳುಗಳು ಸುತ್ತಿವೆ, ಎರಡು ಸಾವಿರ ಜನ ಎದ್ದು ನಿಂತಿದ್ದಾರೆ, ಕೈಯಲ್ಲಿ ಚೆಂಡು, ಇದೆ, ಕಣ್ಣಿಗೆ ಕಾಣುತ್ತಿದೆ, ಬಿಳಿ, ಹಸಿರು ಗೆರೆ, ಇದೆ —