ಬಸುರಿಯ ಮುಂದೆ ಒಂಬತ್ತನೆಯ ಪ್ರಶ್ನೆ

ವಡಿವು ಹೊತ್ತು ತಿರುಗುತ್ತಿದ್ದ ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಿದ್ದವು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂಬಂಥ ಮೊದಲ ಎಂಟನ್ನು ಯಾರು ಬೇಕಾದರೂ ಕೇಳಬಹುದು. ಒಂಬತ್ತನೆಯದು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುವಂಥದ್ದು: ಸತ್ತುಹೋದರೆ ಚೆನ್ನಾಗಿತ್ತು ಅಂತ ಈ ಎರಡು ವಾರದಲ್ಲಿ ಎಷ್ಟು ದಿನ ಅನ್ನಿಸಿದೆ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ದಿನಾ ಎಂದರೆ ಮೂರು. ಎರಡೋ ಮೂರೋ ಬಂದರೆ ವಡಿವು ಆ ಮನೆಯ ಅಂಗಳದಿಂದಲೇ ಡಾಕ್ಟರ್ ತವಮಣಿಗೆ ಫೋನ್ ಮಾಡಬೇಕು, ಅವರು ಕೂಡಲೇ ಜೀಪು ಕಳಿಸಬೇಕು. ತೂತುಕುಡಿಯ ಉಪ್ಪಿನ ಆಗರದಲ್ಲಿ ದುಡಿಯುವ ಹೆಂಗಸರ ಮನೋವ್ಯಾಧಿಗೆ ಮಾತ್ರೆಯ ಜೊತೆ ನಾಲ್ಕು ಒಳ್ಳೆಯ ಮಾತೂ ಸೇರಿದರೆ ಎಷ್ಟು ಗುಣವಾದೀತು ಎಂದು ತಿಳಿಯಲು ಅವರು ನಡೆಸಿದ್ದ ಸಂಶೋಧನೆ ಅದು. ಶುರುವಿಗೊಮ್ಮೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರುವುದು ವಡಿವಿನ ಕೆಲಸ.

ಮೊದಲ ಸಲ ಹೋದಾಗ ಪೇಚಿಯಮ್ಮ ಮರೆಮಾಚದೆ ಮೂರು ಎಂದಿದ್ದಳು. ಐವತ್ತರ ಹತ್ತಿರದ ಒಂಟಿ ಹೆಂಗಸು. ಮೂವತ್ತು ವರ್ಷ ಉಪ್ಪು ಎಳೆದೆಳೆದು ಅವಳ ಪಾದಗಳು ಒಡೆದುಹೋಗಿದ್ದವು. ಯಾಕಕ್ಕ ಎಂದು ವಡಿವು ಕೇಳಿದ್ದಕ್ಕೆ, "ಯಾಕೆ ಅಂದ್ರೆ ಏನು ಹೇಳ್ಲಿ ತಾಯಿ, ಬೆಳಗಾಗುತ್ತಲ್ಲ, ಅದೇ ಸಾಕು" ಎಂದಿದ್ದಳು. ಅವತ್ತೇ ಜೀಪು ಬಂತು. ಪೇಚಿಯಮ್ಮ ಮೂರು ವಾರ ಆಸ್ಪತ್ರೆಯಲ್ಲಿದ್ದು ಜೀವ ಉಳಿಸಿಕೊಂಡು ಬಂದಳು.

ಎರಡನೆಯ ಸಲ ಹೋಗುವಷ್ಟರಲ್ಲಿ ವಡಿವಿಗೆ ಏಳು ತಿಂಗಳು ತುಂಬಿ ಸೀಮಂತವೂ ಆಗಿತ್ತು. ಎರಡೂ ಕೈಗಳಲ್ಲಿ ಮೊಣಕೈವರೆಗೆ ಗಾಜಿನ ಬಳೆ. ಪೇಚಿಯಮ್ಮ ಅವಳನ್ನು ನೆಲದ ಮೇಲೆ ಕೂರಲು ಬಿಡದೆ, ಪಕ್ಕದ ಮನೆಯ ಮುಪ್ಪಿಡಾತಿಯಿಂದ ಕುರ್ಚಿ ತರಿಸಿ ಕೂರಿಸಿದಳು. ತಾಳೆಬೆಲ್ಲದ ಕಾಪಿ ಕಾಸಿ ಕೊಟ್ಟಳು. ಪ್ರಶ್ನೆ ಕೇಳಲು ಹೋದವರು ಮನೆಯವರ ನೀರನ್ನೂ ಮುಟ್ಟಬಾರದೆಂಬ ನಿಯಮವಿತ್ತು. ಅದನ್ನು ಬರೆದ ಪುಣ್ಯಾತ್ಮರು ಆ ಬಿಸಿಲಲ್ಲಿ ಒಂದು ದಿನವೂ ನಡೆದಿರಲಾರರು. ವಡಿವು ಕುಡಿದಳು.

ಎಂಟು ಪ್ರಶ್ನೆ ಸಲೀಸಾಗಿ ಮುಗಿದವು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಸಾವಿನ ಮಾತು ಬಾಯಲ್ಲಿ ತರಬೇಡ ಎಂದು ವಡಿವಿನ ಅಮ್ಮ ಹೇಳಿ ಕಳಿಸಿದ್ದಳು. ಅಮ್ಮ ಹೇಳದಿದ್ದರೂ ವಡಿವಿನ ನಾಲಿಗೆ ಏಳುತ್ತಿರಲಿಲ್ಲ.

"ಆ ಒಂಬತ್ತನೇದು ಈಗ ಇಲ್ಲ ತಾನೇ ಅಕ್ಕ?"

ಪೇಚಿಯಮ್ಮ ಬಳೆಗಳನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು. "ಅದೆಲ್ಲ ಏನೂ ಇಲ್ಲ ತಾಯಿ. ಬರ್ಕೋ."

ವಡಿವು ಸೊನ್ನೆ ಬರೆದಳು. ಅವಳು ಹೊರಡಲು ಏಳುವಾಗ ಪೇಚಿಯಮ್ಮ ಪೆಟ್ಟಿಗೆಯಿಂದ ಒಗೆದು ಮಡಿಸಿದ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು, ಮಗುವಿನ ತೊಟ್ಟಿಲಿಗೆ ಎಂದು ಕೈಗಿಟ್ಟಳು. ಹುಟ್ಟುವ ಮೊದಲೇ ಮಗುವಿಗೆ ಏನನ್ನೂ ಕೊಡುವ ಪದ್ಧತಿ ಅಲ್ಲಿಲ್ಲ. ಹೆತ್ತ ಮೇಲೆ ನೀನೇ ಬಂದು ಕಟ್ಟಿಕೊಡು ಎಂದು ವಡಿವು ನಕ್ಕಳು.

"ಈಗಲೇ ತಗೊಂಡ್ಹೋಗು. ಆಮೇಲೆ ಯಾರು ಎಲ್ಲಿರ್ತಾರೋ."

ವಡಿವು ಪ್ರೀತಿ ಎಂದುಕೊಂಡು ಸೀರೆಯನ್ನು ಚೀಲಕ್ಕೆ ತುರುಕಿದಳು. ಒಂಬತ್ತನೆಯ ಪ್ರಶ್ನೆಗೆ ನಿಜವಾದ ಉತ್ತರ ಆ ಚೀಲದಲ್ಲೇ ಇತ್ತು.

ಹನ್ನೊಂದನೆಯ ದಿನ ಪೇಚಿಯಮ್ಮ ಆಗರದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಬಸುರಿ ಸಾವಿನ ಮನೆಗೆ ಹೋಗಬಾರದೆಂದು ವಡಿವಿಗೆ ಮುಖ ನೋಡುವುದಕ್ಕೂ ಯಾರೂ ಬಿಡಲಿಲ್ಲ. ಅವಳು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಅತ್ತಳು. ಅತ್ತು ಸಾಕಾದ ಮೇಲೆ ಹೆಸರು ಹೆಸರಾಗಿ ಲೆಕ್ಕ ಹಾಕಿದಳು. ಮೊದಲ ಸಲ ಎರಡೋ ಮೂರೋ ಹೇಳಿದ್ದವರು ಒಟ್ಟು ನಲವತ್ತೊಂದು ಹೆಂಗಸರು. ಆರು ತಿಂಗಳ ಮೇಲೆ ಅಷ್ಟೂ ಜನ ಸೊನ್ನೆ ಬರೆಸಿದ್ದರು.

ಆ ಸೊನ್ನೆಗಳ ಸಂತೋಷಕ್ಕೆ ಡಾಕ್ಟರ್ ತವಮಣಿ ಹಿಂದಿನ ವಾರವಷ್ಟೇ ಆಫೀಸಿನಲ್ಲಿ ಎಲ್ಲರಿಗೂ ಆ ಊರಿನ ಹೆಸರುವಾಸಿ ಸಿಹಿ ಮ್ಯಾಕರೂನ್ ಹಂಚಿದ್ದರು. ಕೆಟ್ಟ ಮನುಷ್ಯರೇನಲ್ಲ. ಪೇಚಿಯಮ್ಮನ ಸುದ್ದಿ ಕೇಳಿ ಅವರೂ ಊಟ ಬಿಟ್ಟಿದ್ದರು. ಆದರೂ ನಲವತ್ತೊಂದರಲ್ಲಿ ಒಬ್ಬಳು ತಾನೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

"ಸರ್, ನಾನು ಸರಿಯಾಗಿ ಕೇಳ್ಲಿಲ್ಲ" ಎಂದಳು ವಡಿವು, ಆಫೀಸಿಗೆ ಹೋಗಿ.

"ಪೇಚಿಯಮ್ಮನ್ನಾ?"

"ಯಾರನ್ನೂ ಕೇಳ್ಲಿಲ್ಲ ಸರ್. ಬಸುರಿ ಮುಂದೆ ಸಾವಿನ ಮಾತು ಯಾರು ಆಡ್ತಾರೆ? ನಾನೂ ಆಡ್ಲಿಲ್ಲ, ಅವರೂ ಆಡ್ಲಿಲ್ಲ."

ತವಮಣಿಯವರೂ ಆ ಊರಿನವರೇ, ಹೆಂಡತಿಗೆ ಸೀಮಂತ ಮಾಡಿಸಿದವರೇ. ಹೊಳೆಯಬೇಕಾದ್ದು ಅವರಿಗೆ ಈಗ ಹೊಳೆಯಿತು. ಫಲಿತಾಂಶ ಆಗಲೇ ಚೆನ್ನೈಯ ಮೇಲಿನವರಿಗೆ ಹೋಗಿದೆ ಎಂದರು. ಹೊಸಬಳನ್ನು ತೆಗೆದುಕೊಂಡರೆ ಕಲಿಸುವುದಕ್ಕೆ ತಿಂಗಳು ಬೇಕು, ಅದಕ್ಕೂ ಮೇಲಿನವರ ಒಪ್ಪಿಗೆ ಬೇಕು. ನಿನ್ನ ಹೆರಿಗೆ ಆಗಲಿ, ಆಮೇಲೆ ಇನ್ನೊಮ್ಮೆ ಕೇಳಿ ನೋಡೋಣ ಎಂದರು. ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಪೇಚಿಯಮ್ಮನಿಗೆ ಹನ್ನೊಂದು ದಿನ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಬಾಗಿಲಿಗೆ ಅಡ್ಡ ನಿಂತು ಶಾಪ ಹಾಕುತ್ತಿದ್ದರೂ ವಡಿವು ಹೊರಟಳು. ಪೇಚಿಯಮ್ಮನ ಬೀಗ ಹಾಕಿದ ಬಾಗಿಲು ದಾಟಿ ಮುಪ್ಪಿಡಾತಿಯ ಮನೆಗೆ ಹೋದಳು. ಅವಳೂ ನಲವತ್ತೊಂದರಲ್ಲಿ ಒಬ್ಬಳು. ಮುಪ್ಪಿಡಾತಿ ಓಡಿಬಂದು ಅದೇ ಕುರ್ಚಿ ಹಾಕಿದಳು. ವಡಿವು ಕೂರಲಿಲ್ಲ, ಕಾಪಿಯೂ ಬೇಡವೆಂದಳು.

"ಅಕ್ಕ, ಪೇಚಿ ಅಕ್ಕ ಸತ್ತಿದ್ದು ಈ ಹೊಟ್ಟೆ ನೋಡಿ ಬಾಯಿ ಬಿಡದೆ ಇದ್ದಿದ್ದಕ್ಕೆ. ನಿಂಗೂ ಸಾಯ್ಬೇಕು ಅನ್ಸುತ್ತಾ?"

ಮುಪ್ಪಿಡಾತಿ ಧಾವಿಸಿ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ವಡಿವು ಆ ಕೈಯನ್ನು ಸರಿಸಿ, ಬಿಡದೆ ಹಿಡಿದುಕೊಂಡೇ ನಿಂತಳು. ಹೊಟ್ಟೆಯೊಳಗೆ ಮಗು ಒದೆಯಿತು. ಕಡೆಗೆ ಮುಪ್ಪಿಡಾತಿ ತನ್ನ ಸೆರಗನ್ನು ಎಳೆದು ವಡಿವಿನ ಹೊಟ್ಟೆಯ ಮೇಲೆ, ಒಳಗಿನ ಕೂಸಿಗೆ ಕೇಳಿಸಬಾರದೆಂಬಂತೆ, ಎರಡು ಮಡಿಕೆ ಮಾಡಿ ಹೊದಿಸಿದಳು.

"ಮೂರು ಬರ್ಕೋ" ಎಂದಳು ಪಿಸುದನಿಯಲ್ಲಿ. "ಆ ಕೊನೇ ಮನೇಲಿರೋ ಸುಡಲಿ ಅನ್ನೋಳನ್ನೂ ಹೀಗೇ ಕೇಳು. ಬೇಗ ಹೋಗಿ ಕೇಳು."

ವಡಿವು ಫೋನ್ ತೆಗೆದು ಜೀಪು ಕಳಿಸಲು ಹೇಳಿದಳು. ಇನ್ನು ಉಳಿದದ್ದು ಮೂವತ್ತೊಂಬತ್ತು ಮನೆ.