ಬಾಯಿಗಕ್ಕಿ

ನೆರೆಮನೆಯ ಮುದುಕಿ ಅಕ್ಕಯ್ಯಮ್ಮ ಹೆಣದ ಸೆರಗಿಗೆ ಕೈ ಹಾಕುತ್ತಿದ್ದಂತೆ ಪುಷ್ಪ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ ಅತ್ತೆ. ಮುಖ ಮುಚ್ಚೇ ಇರ್ಲಿ."

"ಏನಮ್ಮಿ ನಿಂದು? ಬಾಯಿಗಕ್ಕಿ ಎಲ್ಲಿಗಾಕೋದು, ಸೀರೆ ಮ್ಯಾಲಾ?"

ಹೊಸ್ತಿಲಾಚೆಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಮುನಿಗಂಗಮ್ಮ ಮಲಗಿದಲ್ಲೇ, ಮುಖಕ್ಕೆ ಸೆರಗು ಎಳೆದುಕೊಂಡೇ ಹೋಗಿಬಿಟ್ಟಿದ್ದಳು. ಆರು ವರ್ಷದಿಂದ ಹಾಗೇ ಮಲಗುತ್ತಿದ್ದಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಮನೆಯೊಳಗೆ ಬಂದುಹೋಗುತ್ತಿದ್ದವಳು ಓರಗಿತ್ತಿ ಪುಷ್ಪ ಒಬ್ಬಳೇ.

"ಮಾತು ಕೊಟ್ಟಿವ್ನಿ ಅತ್ತೆ. ಸೊಟ್ಟ ಬಾಯಿ ಯಾರ್ಗೂ ತೋರ್ಸಬ್ಯಾಡ ಅಂದಿದ್ಲು ಅಕ್ಕ."

"ಗಾಳಿ ಒಡ್ದು ಬಾಯಿ ಸೊಟ್ಟಾಗಿದ್ದು ಊರಿಗೆಲ್ಲಾ ಗೊತ್ತು. ಬಿಡಮ್ಮಿ."

*

ಗಾಳಿಯಲ್ಲ. ಅದು ಪುಷ್ಪಳಿಗೆ ಗೊತ್ತಿತ್ತು.

ಆರು ವರ್ಷದ ಹಿಂದೆ ಮುನಿಗಂಗಮ್ಮ ದಿನಾ ಉರಿಗಾಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಕನಕಾಂಬರ ಮಾರಲು ಹೋಗುತ್ತಿದ್ದಳು. ಸಕ್ಕರೆ ಕಾಯಿಲೆಯಿತ್ತು. ಬಲಗಿವಿ ಸೋರತೊಡಗಿದಾಗ ಪುಷ್ಪಳೇ ಬೆಳ್ಳುಳ್ಳಿ ಜಜ್ಜಿ, ಎಣ್ಣೆ ಕಾಯಿಸಿ, ಸಂಜೆಸಂಜೆ ಕಿವಿಗೆ ಬಿಟ್ಟಳು. ಒಂದು ತಿಂಗಳು. "ಇನ್ನೊಂದು ತೊಟ್ಟು ಬಿಡಮ್ಮಿ, ತಲೆ ಸಿಡೀತದೆ" ಎಂದು ಅವಳು ಪುಷ್ಪಳ ತೊಡೆಯ ಮೇಲೆ ತಲೆಯಿಡುತ್ತಿದ್ದಳು. ಒಂದು ಬೆಳಿಗ್ಗೆ ಕುಡಿದ ಕಾಫಿ ಬಲ ಕಟವಾಯಿಯಿಂದ ಸೋರಿತು. ಬಲಗಣ್ಣು ಮುಚ್ಚಲಿಲ್ಲ.

"ಕಿವಿಯ ಕೀವು ಮೂಳೆಗಿಳಿದು ಮುಖದ ನರ ಹಿಡಿದಿದೆ. ಇಷ್ಟು ದಿನ ಏನು ಮಾಡ್ತಿದ್ರಿ?" ಎಂದರು ಬೆಂಗಳೂರಿನ ಡಾಕ್ಟರು. ಪುಷ್ಪ ಬಾಯಿ ಬಿಡಲಿಲ್ಲ. ಮುನಿಗಂಗಮ್ಮನೂ ಎಣ್ಣೆಯ ಮಾತೆತ್ತಲಿಲ್ಲ.

ಇಂಜೆಕ್ಷನ್‌ಗೆ ಕೀವು ನಿಂತಿತು. ಬಾಯಿ ನೇರವಾಗಲಿಲ್ಲ. ಮದುವೆ ಮನೆಯವರು ಅವಳ ಕೈಯ ಹೂವು ಬೇಡವೆಂದರು. ಅಲ್ಲಿಂದಾಚೆ ಅವಳು ಒಳಗೇ ಕೂತು ಕಟ್ಟುವಳು, ಪುಷ್ಪ ಮಾರಿ ಬರುವಳು.

*

"ಎಲ್ಲಾ ಒರಗೋಗಿ. ನೀರು ನಾನೇ ಉಯ್ತೀನಿ" ಎಂದು ಪುಷ್ಪ ಬಾಗಿಲು ಹಾಕಿದಳು.

"ಈ ಮಾತಾದ್ರೂ ಉಳಿಸ್ಕತೀನಕ್ಕ" ಎಂದು ಸೆರಗು ಸರಿಸಿದಳು.

ಬಾಯಿ ನೇರವಾಗಿತ್ತು. ಬಾಯನ್ನು ತನ್ನತ್ತ ಎಳೆದುಕೊಂಡಿದ್ದ ಎಡಗೆನ್ನೆಯೂ ಜೀವ ಹೋದಮೇಲೆ ಬಲಗೆನ್ನೆಯಷ್ಟೇ ಸಡಿಲಾಗಿತ್ತು. ಎರಡು ಕಣ್ಣೂ ಒಂದೇ ಸಮ ಅರ್ಧ ತೆರೆದಿದ್ದವು.

ಪುಷ್ಪ ನೋಡುತ್ತಲೇ ಕೂತಳು. ಹಂಡೆಯ ನೀರು ಆರಿತು. ಆಮೇಲೆ ಮೈ ತೊಳೆದು, ಸೀರೆ ಸುತ್ತಿ, ಬಾಗಿಲು ತೆಗೆದಳು.

"ಬನ್ನಿ ಅತ್ತೆ. ಅಕ್ಕಿ ತನ್ನಿ."

"ಅಯ್ ಶಿವನೆ, ಏಟು ಲಕ್ಷಣವಾಗವ್ಳೆ ನೋಡ್ರೇ!" ಎಂದಳು ಅಕ್ಕಯ್ಯಮ್ಮ.

ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಬಂದರು, ಹೆಗಲ ಮೇಲಿಂದ ಇಣುಕಿದರು. ಪುಷ್ಪ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಗೋಡೆಗೆ ಒತ್ತಿಕೊಂಡು ತನ್ನ ಸರದಿಗೆ ಕಾದಳು. ಅವಳಿಗೆ ಕಾಣುತ್ತಿದ್ದುದು ಬರೀ ಬೆನ್ನುಗಳು.