ದೇಶಕ್ಕೊಂದೇ ಕಾರು

ಮಾಚಮ್ಮನದು ಕಾರಿಗೆ ಬೆಲೆ ಕಟ್ಟುವ ಕೆಲಸ. ನೀವು ನಾವು ಕಂತಿನಲ್ಲಿ ಕೊಳ್ಳುವ ಕಾರುಗಳಿಗಲ್ಲ. ದೊಡ್ಡ ಸಾಹುಕಾರರು ಕೊಂಡು, ಮೇಲೆ ಬಟ್ಟೆ ಹೊದಿಸಿ, ದೀಪಾವಳಿಗೊಮ್ಮೆ ಸ್ಟಾರ್ಟ್ ಮಾಡಿ, ಅದರ ಗರ್ಜನೆಗೆ ಕಣ್ಣು ಮುಚ್ಚಿ ಧನ್ಯರಾಗುತ್ತಾರಲ್ಲ, ಅಂಥ ಕಾರುಗಳಿಗೆ. ಗುರುಗ್ರಾಮದ ಒಂದು ಹರಾಜು ಕಂಪನಿಯಲ್ಲಿ ಅವಳು ಈ ಕೆಲಸಕ್ಕೆ ಹೆಸರಾಗಿದ್ದಳು. ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿ, ಎಂಜಿನ್ನಿನ ಮೇಲೆ ಕೊರೆದ ನಂಬರು ಕಾರ್ಖಾನೆಯಿಂದ ಹೊರಟಾಗಿನದೇ ಹೌದೇ ಎಂದು ನೋಡುತ್ತಿದ್ದಳು. ಹೌದಾದರೆ ಅದು ಕಾರು. ಎಂಜಿನ್ ಬದಲಾಗಿದ್ದರೆ ಮಿರಿಮಿರಿ ಮಿಂಚುವ ತಗಡು, ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಇಂಥವು ಒಟ್ಟು ಎಷ್ಟಿವೆ?

ದೆಹಲಿಯ ಛತ್ತರ್‌ಪುರದ ತನ್ನ ಫಾರ್ಮ್‌ಹೌಸಿನಲ್ಲಿ ತ್ರಿಲೋಕ್ ಖರ್‌ಬಂದಾ ಎಂಬ ಬಿಲ್ಡರ್ ಇದನ್ನೇ ಕೇಳಿದ್ದ. ಅವನದು ಮೂವತ್ತು ವರ್ಷ ಹಳೆಯ ಇಟಲಿಯ ಕಾರು, ಬೆಣ್ಣೆಯಂಥ ತಿಳಿ ಹಳದಿ ಬಣ್ಣ, ಬೆನ್ನಿನಲ್ಲಿ ಎಂಜಿನ್.

"ದೇಶದಲ್ಲಿ ಎರಡೇ ಇವೆ ಸರ್," ಎಂದಿದ್ದಳು ಮಾಚಮ್ಮ. "ಇಷ್ಟು ಹಳೇದನ್ನ ಹೊರಗಿಂದ ತರಿಸೋಕೆ ಕಾನೂನು ಬಿಡಲ್ಲ. ಇರೋದೇ ಇಷ್ಟು."

"ಅಚ್ಛಾ. ಒಂದೇ ಇದ್ದಿದ್ರೆ?"

"ಆಗ ನೀವು ಹೇಳಿದ್ದೇ ಬೆಲೆ."

"ಇನ್ನೊಂದು ಎಲ್ಲಿದೆ ಬೇಟಾ?"

ಇಲ್ಲಿ ಸುಮ್ಮನಿರಬೇಕಿತ್ತು. ಆದರೆ ಸೈನ್ಯದ ಮನೆಯ ಮಕ್ಕಳಿಗೆ ಮನೆಯವರ ಮಾತು ಬಂದರೆ ಎದೆ ಎರಡಂಗುಲ ಉಬ್ಬುತ್ತದೆ. ಅಪ್ಪ ಮೇದಪ್ಪ ನಿವೃತ್ತ ಸುಬೇದಾರ್ ಮೇಜರ್. ಅಣ್ಣ ಪೊನ್ನಣ್ಣ ಸೇನೆಯಲ್ಲಿ ಟ್ಯಾಂಕುಗಳನ್ನು ರಿಪೇರಿ ಮಾಡಿ, ಸೊಂಟ ಮುರಿದುಕೊಂಡು ಹೊರಬಂದವನು. "ಮಾನೇಸರ್ ಹತ್ರ ಒಂದು ಗ್ಯಾರೇಜಲ್ಲಿದೆ. ನೋಡ್ಕೊಳ್ಳೋದು ನಮ್ಮಣ್ಣನೇ. ಅವನಿದ್ದಾನೆ ಅಂದ್ಮೇಲೆ ಅದಕ್ಕೊಂದು ಗೀರು ಬೀಳಲ್ಲ," ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಖರ್‌ಬಂದಾ ಅವಳಿಗೆ ಒಂದು ಡಬ್ಬಿ ಬಾದಾಮಿ ಕೊಟ್ಟು ಕಳಿಸಿದ.

ಡಿಸೆಂಬರಿನ ಒಂದು ಮಧ್ಯಾಹ್ನ, ಗ್ಯಾರೇಜಿನ ಉಳಿದವರು ಊಟಕ್ಕೆ ಹೋಗಿದ್ದಾಗ, ನಾಲ್ವರು ಬಂದರು. ಪೊನ್ನಣ್ಣ ಕಾರಿಗೂ ಅವರಿಗೂ ನಡುವೆ ನಿಂತ. ಮೊದಲ ಏಟು ಮೊದಲೇ ಮುರಿದಿದ್ದ ಸೊಂಟಕ್ಕೆ ಬಿತ್ತು. ಬಿದ್ದವನು ಒಬ್ಬನ ಕಾಲು ಹಿಡಿದೆಳೆದು, ಸ್ಪ್ಯಾನರಿನಿಂದ ಅವನ ಮೊಣಕಾಲು ಒಡೆದ. ಕಬ್ಬಿಣದ ರಾಡಿನಲ್ಲಿ ಅವರು ಅವನ ಎರಡೂ ಕೈ ಜಜ್ಜಿದರು. ಕಾರಿನ ಮೇಲೆ ಪೆಟ್ರೋಲ್ ಸುರಿದು, ಮಿಕ್ಕಿದ್ದನ್ನು ಅವನ ಮೇಲೆ ಸುರಿದು, ಕಡ್ಡಿ ಗೀರಿ ಶಟರ್ ಎಳೆದು ಹೋದರು.

ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಮಾಚಮ್ಮ ಅಣ್ಣನನ್ನು ಅವನ ದನಿಯಿಂದ ಗುರುತು ಹಿಡಿದಳು. ಗುರುತಿಗೆ ಬೇರೇನೂ ಉಳಿದಿರಲಿಲ್ಲ.

"ಮಾಚೂ," ಎಂದ ಅವನು. "ಶಟರ್ ಎಳೆಯೋವಾಗ ಒಬ್ಬ ಫೋನಲ್ಲಿ ಹೇಳ್ತಿದ್ದ. ಖರ್‌ಬಂದಾಜೀ, ಅಬ್ ಆಪ್ ಕೀ ಅಕೇಲೀ ಹೈ, ಇನ್ನು ನಿಮ್ದೊಂದೇ ಉಳಿದಿರೋದು, ಅಂತ. ಯಾರದು?"

ಬಾದಾಮಿ ತಿಂದ ಅವಳ ಬಾಯಿ ಕಹಿಯಾಯಿತು. ನಾನೇ ದಾರಿ ತೋರಿಸಿದೆ ಎಂದು ಅಣ್ಣನಿಗೆ ಹೇಳಬೇಕೆಂದುಕೊಂಡಳು. ಹೇಳಲು ಧೈರ್ಯ ಬರುವಷ್ಟರಲ್ಲಿ ಪೊನ್ನಣ್ಣ ಹೋಗಿಬಿಟ್ಟ.

ಠಾಣೆಯವರು ಶಾರ್ಟ್ ಸರ್ಕ್ಯೂಟ್ ಎಂದು ಬರೆದುಕೊಂಡರು. ಜಜ್ಜಿದ ಕೈಗಳ ಮಾತೆತ್ತಿದರೆ, ಮೇಲಿಂದ ತೊಲೆ ಬಿದ್ದಿರಬೇಕು ಎಂದರು. ಖರ್‌ಬಂದಾನ ಹೆಸರು ಹೇಳಲು ಮಾಚಮ್ಮ ನಾಲ್ಕು ಸಲ ಹೋದಳು, ನಾಲ್ಕು ಸಲವೂ ಚಹಾ ಕೊಟ್ಟು ಕಳಿಸಿದರು. ದುಡ್ಡಿದ್ದವನ ಬೆಂಕಿ ಶಾರ್ಟ್ ಸರ್ಕ್ಯೂಟು, ಇಲ್ಲದವನ ಬೀಡಿ ಅಪರಾಧ. ಇದು ದೆಹಲಿಯ ಕಡೆಗೆ ಮಾತ್ರ ಸೀಮಿತವಾದ ನ್ಯಾಯವೇನೂ ಅಲ್ಲ.

ಮೇದಪ್ಪನ ಸಂಕಟ ಇನ್ನೂ ಒಂದಿತ್ತು. ಕೊಡವರ ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಅದನ್ನು ಕೇಳಿಯೇ ಊರು ಕೆಲಸ ಬಿಟ್ಟು ಬರುವುದು. ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಕೋವಿ ಹೊರತೆಗೆದದ್ದೇ ಸೊಸೈಟಿಯವರು ಓಡಿಬಂದರು, ಅಂಕಲ್, ಪಕ್ಕದಲ್ಲಿ ಏರ್‌ಪೋರ್ಟ್ ಇದೆ, ಪ್ಲೀಸ್ ಎಂದು ಕೈಮುಗಿದರು. ಮಗನನ್ನು ಸದ್ದಿಲ್ಲದೆ ವಿದ್ಯುತ್ ಚಿತಾಗಾರಕ್ಕೆ ಸಾಗಿಸಿದ್ದಾಯಿತು. ಅಂದಿನಿಂದ ಮುದುಕ ಜೋಡಿ ನಳಿಗೆಯ ಆ ಕೋವಿಯನ್ನು ದಿನವೂ ಒರೆಸುತ್ತ ಕೂರುತ್ತಿದ್ದ.

"ಕಳ್ಳನ ಹಾಗೆ ಕಳಿಸಿಬಿಟ್ಟೆವು ಅವನನ್ನ," ಎನ್ನುತ್ತಿದ್ದ.

ಜನವರಿಯ ಒಂದು ಭಾನುವಾರ ಬೆಳಗ್ಗೆ ಮಾಚಮ್ಮ ಅಪ್ಪನ ಮುಂದೆ ಕೈಚಾಚಿದಳು. "ಕೊಡಿ ಅಪ್ಪ. ನಾನು ಹಾರಿಸಿ ಬರ್ತೀನಿ."

ಅರಾವಳಿಯ ಕಾಡಿನ ಕಡೆ ಹೋಗುತ್ತಾಳೆಂದುಕೊಂಡ ಮೇದಪ್ಪ. ಹಂದಿ ಬೇಟೆಗೆ ಬಳಸುವ ಒಂಟಿಗುಂಡಿನ ಎರಡು ತೋಟಾ ಅವಳ ಅಂಗೈಯಲ್ಲಿಟ್ಟು, "ಒಂದರ ಹಿಂದೆ ಒಂದು. ಮಧ್ಯೆ ಬಿಡುವು ಕೊಡಬೇಡ," ಎಂದ. ಅಷ್ಟೆಂದು ಗೋಡೆಯ ಕಡೆ ತಿರುಗಿ ಅತ್ತ.

ಹರಾಜು ಖರ್‌ಬಂದಾನ ಹುಲ್ಲುಹಾಸಿನ ಮೇಲೆಯೇ ಇತ್ತು. ಬಿಸಿಲು, ಶಾಮಿಯಾನ, ಕಬಾಬಿನ ತಟ್ಟೆ ಹೊತ್ತ ವೇಟರುಗಳು, ಬೆರಳುಗಳಲ್ಲಿ ನವಗ್ರಹಗಳನ್ನೆಲ್ಲ ಧರಿಸಿದ ಗಂಡಸರು. ಬೆಲೆ ಕಟ್ಟುವವಳ ಉದ್ದನೆಯ ಸಾಮಾನಿನ ಚೀಲವನ್ನು ಗೇಟಿನಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ಹರಾಜು ಕೂಗಲು ನಿಂತಿದ್ದವನು ಕಂಪನಿಯ ಮುಖ್ಯಸ್ಥ ಸಾತ್ವಿಕ್, ಮೈಸೂರಿನವನು.

"ರಜೆ ತಗೊಳ್ಳಿ ಅಂದಿದ್ನಲ್ಲ ಮಾಚಮ್ಮ ಅವರೇ," ಎಂದ ಮೆಲ್ಲಗೆ.

"ಕೊನೇ ಕಾರು ಸರ್. ಮುಗಿಸಿ ಹೋಗ್ತೀನಿ."

ಹಳದಿ ಕಾರು ಬಂತು. ಕಾರು ಒರೆಸುವ ಹುಡುಗರು ಹಿಂದಿನ ಮುಚ್ಚಳ ತೆರೆದು ಎಂಜಿನ್ ತೋರಿಸಿದರು. "ದೇಶಕ್ಕೊಂದೇ ಕಾರು," ಎಂದು ಸಾತ್ವಿಕ್ ಇಂಗ್ಲಿಷಿನಲ್ಲಿ ಸಾರಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾತಕ್ಕೆ ಎಂದು ಅಲ್ಲಿ ಇಬ್ಬರಿಗೆ ಗೊತ್ತಿತ್ತು. ನಾಲ್ಕು ಕೋಟಿಯಿಂದ ಶುರುವಾದ ಕೂಗು ಏಳಕ್ಕೆ ಏರಿತು. ಖರ್‌ಬಂದಾ ಪಿಸ್ತಾ ಸುಲಿಯುತ್ತಿದ್ದ.

ಮಾಚಮ್ಮ ಚೀಲದಿಂದ ಕೋವಿ ತೆಗೆದಳು. "ಹಿಂದೆ ಸರೀರಿ" ಎಂದು ಕಾರಿನ ಹುಡುಗರಿಗೆ ಹೇಳಿ, ಎಂಜಿನ್ನಿನಲ್ಲಿ ನಂಬರು ಕೊರೆದ ಜಾಗಕ್ಕೆ ನಳಿಗೆ ಹಿಡಿದು ಕುದುರೆ ಎಳೆದಳು. ಒಂದರ ಹಿಂದೆ ಒಂದು. ಅಲ್ಯೂಮಿನಿಯಂ ಸಿಡಿದು ಚೂರೊಂದು ಅವಳ ಕೆನ್ನೆಯನ್ನು ಕಿವಿಯವರೆಗೆ ಸೀಳಿತು. ಕಪ್ಪು ಎಣ್ಣೆ ಹುಲ್ಲಿನ ಮೇಲೆ ಸುರಿಯಿತು. ಕುರ್ಚಿಗಳು ಉರುಳಿದವು, ಹೆಂಗಸರು ಮೇಜಿನಡಿ ನುಗ್ಗಿದರು, ಒಬ್ಬ ವೇಟರು ಕಬಾಬಿನ ಮೇಲೇ ಬಿದ್ದ. ಅಣ್ಣನಿಗೆ ಸಲ್ಲಬೇಕಾದ ಸದ್ದು ಕಡೆಗೂ ಸಂದಿತು. ಅವಳ ಎದೆ ತಿಂಗಳ ನಂತರ ಮೊದಲ ಸಲ ಹಗುರಾಯಿತು.

ಅವಳು ಸಾತ್ವಿಕ್‌ನ ಕೈಯಿಂದ ಮೈಕ್ ತೆಗೆದುಕೊಂಡಳು. ಹಿಂದಿಯಲ್ಲಿ, ಎಂದಿನ ವರದಿ ಓದುವ ದನಿಯಲ್ಲಿ ಹೇಳಿದಳು.

"ಎಂಜಿನ್ ನಂಬರು ಹೋಗಿದೆ. ಈ ಕಾರಿನ ಜೋಡಿಯನ್ನ ಬೆಲೆ ಏರಲಿ ಅಂತ ಖರ್‌ಬಂದಾ ಸುಡಿಸಿದರು. ಅದರ ಜೊತೆ ನಮ್ಮಣ್ಣ ಪೊನ್ನಣ್ಣನನ್ನೂ ಜೀವಂತ ಸುಡಿಸಿದರು. ಈಗ ಇದರ ಬೆಲೆ ಗುಜರಿ ಬೆಲೆ. ಬೇಕಾದವರು ತಗೊಳ್ಳಿ."

ಖರ್‌ಬಂದಾ ಕುರ್ಚಿಯಲ್ಲಿ ಕುಸಿದ. ಮುಖ ಬಿಳುಚಿತ್ತು, ಬಾಯಿ ತೆರೆದಿತ್ತು. ಪಿಸ್ತಾ ಸಿಪ್ಪೆಗಳು ತೊಡೆಯಿಂದ ಜಾರಿದವು. ಅದನ್ನು ನೋಡಿ ಮಾಚಮ್ಮ, ಸಾಕು, ಇನ್ನು ಜೈಲಾದರೂ ಆಗಲಿ ಎಂದುಕೊಂಡಳು.

ಆಗ ಮುಂದಿನ ಸಾಲಿನಲ್ಲಿ ಬಿಳಿ ಶಾಲು ಹೊದ್ದ ಹೆಂಗಸೊಬ್ಬಳು ಮೇಜಿನಡಿಯಿಂದ ಎದ್ದು, ಕೂದಲು ಸರಿಪಡಿಸಿಕೊಂಡು, ನಂಬರಿನ ಹಲಗೆ ಎತ್ತಿದಳು.

"ಎಂಟು," ಎಂದಳು.

ಸಾತ್ವಿಕ್‌ಗೆ ಅರ್ಥವಾಗಲಿಲ್ಲ. "ಮೇಡಂ, ಎಂಜಿನ್..."

"ಎಂಜಿನ್ ಇರೋ ಕಾರು ನನ್ನ ಹತ್ರ ಆರಿವೆ. ಇಂಥ ಕಥೆ ಇರೋದು ಒಂದೂ ಇಲ್ಲ."

ಹಿಂದಿನಿಂದ ಯಾರೋ ಒಂಬತ್ತು ಎಂದರು. ಜನ ಮಗುಚಿದ ಕುರ್ಚಿಗಳನ್ನು ಎತ್ತಿ ಕೂತರು. ಕೆಲವರು ಫೋನು ಹಿಡಿದು ಒಡೆದ ಎಂಜಿನ್ನಿನ ಫೋಟೊ ತೆಗೆದರು. ಹತ್ತಾಯಿತು. ಹತ್ತೂವರೆ. ಜೀವಂತ ಸುಟ್ಟರಂತೆ ಎಂದು ಒಬ್ಬ ಪಕ್ಕದವನಿಗೆ ಹೇಳಿ, ತಾನೂ ಹಲಗೆ ಎತ್ತಿದ. ಮಾಚಮ್ಮ ಆ ಕೈಗಳನ್ನು ನೋಡುತ್ತ ನಿಂತಳು. ಇಷ್ಟು ವರ್ಷ ಬೆಲೆ ಕಟ್ಟಿದವಳಿಗೆ ಇದು ಹೊಳೆದಿರಲಿಲ್ಲ. ಅಣ್ಣನ ಸಾವನ್ನು ತಾನೇ ಮಾರಿದ್ದಳು.

ಖರ್‌ಬಂದಾನ ಮುಖಕ್ಕೆ ರಕ್ತ ಮರಳಿತು. ಪೊಲೀಸರನ್ನು ಆಮೇಲೆ ನೋಡಿಕೊಂಡರಾಯಿತು, ಅದಕ್ಕೆಲ್ಲ ಜನರಿದ್ದಾರೆ. ಎರಡೂ ತೋಟಾ ಮುಗಿದಿರುವುದನ್ನು ಅವನು ಲೆಕ್ಕ ಹಾಕಿಯೇ ಇದ್ದ. ಎದ್ದು ನೇರ ಅವಳ ಬಳಿ ಬಂದ. ಕೈಮುಗಿದ.

"ಬೇಟಾ," ಎಂದ ಮೆಲ್ಲಗೆ, "ಕಮಾಲ್ ಕರ್ ದಿಯಾ ಆಪ್ ನೇ. ಚಮತ್ಕಾರವನ್ನೇ ಮಾಡಿಬಿಟ್ಟಿರಿ."

ಮಾಚಮ್ಮ ಕೋವಿಯನ್ನು ತಿರುಗಿಸಿ ನಳಿಗೆ ಹಿಡಿದು ಮರದ ಹಿಡಿಯಿಂದ ಅವನ ಬಾಯಿಗೆ ಬಾರಿಸಿದಳು. ಹಲ್ಲು ಮುರಿದವು. ಅವನು ಕಾರಿನ ಮೇಲೆ ಕವುಚಿ ಬಿದ್ದ. ಇನ್ನೊಂದು ಏಟು ದವಡೆಗೆ, ಮತ್ತೊಂದು ಸೊಂಟಕ್ಕೆ, ಪೊನ್ನಣ್ಣನಿಗೆ ಬಿದ್ದ ಜಾಗಕ್ಕೇ. ನಾಲ್ಕನೆಯದಕ್ಕೆ ಕೈಯೆತ್ತುವಾಗ ಕಾವಲಿನವರು ಅವಳನ್ನು ನೆಲಕ್ಕೆ ಕೆಡವಿ, ಬೆನ್ನಿನ ಮೇಲೆ ಮಂಡಿಯೂರಿದರು. ಅವಳ ಬಾಯಿಗೆ ಹುಲ್ಲೂ ಎಣ್ಣೆಯೂ ಹೋಯಿತು. ಖರ್‌ಬಂದಾನನ್ನು ಹೊತ್ತೊಯ್ದರು. ತಿಳಿ ಹಳದಿಯ ಮೇಲೆ ಅವನ ರಕ್ತ ಮಡ್ಗಾರ್ಡಿನವರೆಗೆ ಹರಿದು ತೊಟ್ಟಿಕ್ಕುತ್ತಿತ್ತು. ಕಾರಿನ ಹುಡುಗನೊಬ್ಬ ಅಭ್ಯಾಸಬಲದಿಂದ ಬಟ್ಟೆ ಹಿಡಿದು ಓಡಿಬಂದ.

"ಒರೆಸಬೇಡ ಭಯ್ಯಾ," ಎಂದಳು ಬಿಳಿ ಶಾಲಿನವಳು. ಸಾತ್ವಿಕ್‌ನ ಕಡೆ ತಿರುಗಿ, "ಅದು ಹಾಗೇ ಇರೋದಾದ್ರೆ ಹನ್ನೆರಡು," ಎಂದಳು.